ಕಿಟಕಿಗೆ ಕಟ್ಟಿದ ಹಗ್ಗ

ನಾನು ಓದು ನಿಲ್ಲಿಸಿದ್ದು ೧೯೮೬ರಲ್ಲಿ, ಒಂಬತ್ತನೇ ಕ್ಲಾಸಿನಲ್ಲಿ, ‘ಅಲೆಗಳು’ ಅನ್ನುವ ಪಾಠ ಅರ್ಧಕ್ಕೆ ಬಂದಿದ್ದಾಗ. ಇನ್ನರ್ಧದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಪೂರ್ತಿ ಓದಿ ಪಾಸಾದವರನ್ನು ಕೇಳಿದ್ದೇನೆ, ಅವರಿಗೂ ಗೊತ್ತಿಲ್ಲ. ಪರೀಕ್ಷೆ ಬರೆದು ಮರೆತುಬಿಟ್ಟಿದ್ದಾರೆ. ನನಗೆ ಮಾತ್ರ ಆ ಮೊದಲರ್ಧ ಹಾಗೇ ಉಳಿದುಕೊಂಡಿದೆ. ಪಂಕ್ತಿಯಿಂದ ಅರ್ಧಕ್ಕೆ ಎದ್ದು ಹೋದವನಿಗೆ ಆ ಊಟ ಬಹಳ ದಿನ ನೆನಪಿರುತ್ತದಲ್ಲ, ಹಾಗೆ.

ಇವತ್ತು ಬೆಳಿಗ್ಗೆ ಅದನ್ನೆಲ್ಲ ಎಬ್ಬಿಸಿದ್ದು ಒಂದು ಕಾಗೆ. ನಮ್ಮ ಅಡುಗೆಮನೆಯ ಕಿಟಕಿಯ ಸರಳಿಗೆ ತೆಂಗಿನ ನಾರಿನ ಹಗ್ಗ ಒಂದು ಕಟ್ಟಿದೆ. ಅದರ ಇನ್ನೊಂದು ತುದಿ ಹಿತ್ತಿಲ ಶೆಡ್ಡಿನಲ್ಲಿ ನನ್ನ ಮಂಚದ ಕಾಲಿಗೆ. ನಡುವೆ ಅಂಗಳ, ಒಂದು ನುಗ್ಗೆ ಮರ. ನನ್ನ ಕಿವಿ ಹೋಗಿ, ದೂರದಿಂದ ಕೂಗಿದರೆ ಕೇಳಿಸದಂತಾದ ಮೇಲೆ ನನ್ನ ಹೆಂಡತಿ ಗೌರಮ್ಮ ಮಾಡಿಕೊಂಡ ಏರ್ಪಾಡು ಅದು. ಒಂದು ಸಲ ಜಗ್ಗಿದರೆ ಊಟ. ಎರಡು ಸಲ ಜಗ್ಗಿದರೆ ಯಾರೋ ಬಂದಿದ್ದಾರೆ ಅಂತ. ಬೆಳಿಗ್ಗೆ ಮಂಚದ ಕಾಲು ಒಂದು ಸಲ ಅಲುಗಿತು. ಎದ್ದು ಕೈ ತೊಳೆದುಕೊಂಡು ಒಳಗೆ ಹೋದೆ. ಮುದ್ದೆಗಿಟ್ಟ ಎಸರು ಇನ್ನೂ ಕುದಿಯುತ್ತಿತ್ತು. ತಿರುಗಿ ಹೊರಗೆ ನೋಡಿದರೆ ಹಗ್ಗದ ನಡುವೆ ಕಾಗೆ ಕೂತಿದೆ.

ಗೌರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಕಿವಿಗೆ ಬಾಯಿಟ್ಟು ಕೂಗಿದಳು: “ತಿಥಿ ದಿನ ಜನ ಕಾಗೇನ ಕರೀತಾರೆ ಊಟಕ್ಕೆ. ನಿನ್ನ ಕಾಗೇನೇ ಕರೀತಲ್ಲಯ್ಯಾ!”

ನಾನೂ ನಕ್ಕೆ. ಆಮೇಲೆ ಅವಳು ಒಲೆ ಕಡೆ ತಿರುಗಿಕೊಂಡು ಇನ್ನೂ ಏನೋ ಹೇಳಿದಳು. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಮೇಷ್ಟ್ರ ಹಗ್ಗ.

ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದವರು ಶಿವನಂಜಪ್ಪ ಮೇಷ್ಟ್ರು. ಲ್ಯಾಬು ಅಂತ ಒಂದು ಬೀರು ಇತ್ತು. ಬೀರುವಿನ ಬೀಗದಕೈ ಹೆಡ್ಮೇಷ್ಟ್ರ ಹತ್ತಿರ ಇತ್ತು. ಹೆಡ್ಮೇಷ್ಟ್ರು ಸಾಮಾನ್ಯವಾಗಿ ಮೀಟಿಂಗಿನಲ್ಲಿ ಇರುತ್ತಿದ್ದರು. ಹೀಗಾಗಿ ಅಲೆಯ ಪಾಠದ ದಿನ ಮೇಷ್ಟ್ರು ಬಾವಿಯ ಹಗ್ಗ ಬಿಚ್ಚಿಕೊಂಡು ಕ್ಲಾಸಿಗೆ ಬಂದರು. ಅದಿನ್ನೂ ಒದ್ದೆಯಾಗಿತ್ತು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು.

“ಒಂದೇ ಒಂದು ಸಲ ಮೇಲಕ್ಕೆ ಒದರು ಚಿಕ್ಕಣ್ಣ.”

ಒದರಿದೆ. ನನ್ನ ಕೈ ಹತ್ತಿರ ಒಂದು ಗೂನು ಎದ್ದು, ಇಲಿ ಓಡಿದ ಹಾಗೆ ಹಗ್ಗದ ಮೇಲೆ ಓಡಿ, ಕಿಟಕಿಗೆ ಬಡಿದು, ತಲೆಕೆಳಗಾಗಿ ನನ್ನ ಕೈಗೇ ವಾಪಸ್ಸು ಬಂತು.

“ಇಲ್ಲಿಂದ ಕಿಟಕಿಗೆ ಏನೋ ಹೋಯ್ತು?”

“ಹಗ್ಗ ಹೋಯ್ತು ಸಾ.”

“ಹಗ್ಗ ನಿನ್ನ ಕೈಲೇ ಐತಲ್ಲೋ!”

ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ಹಗ್ಗದ ನಡುವೆ ಒಂದು ಕೆಂಪು ದಾರ ಕಟ್ಟಿ ಮತ್ತೆ ಒದರಲು ಹೇಳಿದರು. ಗೂನು ಬಂದಾಗ ದಾರ ಮೇಲೆದ್ದಿತು, ಗೂನು ಹೋದಾಗ ಇದ್ದಲ್ಲಿಗೇ ಇಳಿಯಿತು. ಒಂದು ಗೇಣೂ ಮುಂದೆ ಹೋಗಲಿಲ್ಲ. “ನೋಡ್ಕಳಿ. ಹೋಗೋದು ಅಲೆ. ಹಗ್ಗ ಎಲ್ಲಿಗೂ ಹೋಗಲ್ಲ.”

ಆಮೇಲೆ ಕಿಟಕಿಯ ತುದಿ ಬಿಚ್ಚಿ ಗುಡೇಮಾರನಹಳ್ಳಿಯ ಬೋರೇಗೌಡನ ಕೈಗೆ ಕೊಟ್ಟರು. ಬೋರೇಗೌಡ ನನ್ನ ಬೆಂಚಿನವನು. ಇಬ್ಬರೂ ಒಟ್ಟಿಗೆ ಒದರಿದೆವು. ಎರಡು ಗೂನುಗಳು ಎದುರುಬದುರು ಬಂದು, ನಡುವೆ ಸೇರಿದಾಗ ಒಂದೇ ದೊಡ್ಡ ಗೂನಾಗಿ, ಮರುಕ್ಷಣ ಒಂದನ್ನೊಂದು ದಾಟಿ ತಮ್ಮ ತಮ್ಮ ದಾರಿ ಹಿಡಿದವು. ಇನ್ನೊಂದು ಸಲ ನಾನು ಮೇಲಕ್ಕೆ ಒದರಿದೆ, ಬೋರ ಕೆಳಕ್ಕೆ ಒದರಿದ. ಈ ಸಲ ನಡುವೆ ಸೇರಿದ ಕ್ಷಣ ಹಗ್ಗ ಸಪಾಟಾಯಿತು. ಏನೂ ಇಲ್ಲ, ಬರೀ ಹಗ್ಗ.

“ಎಲ್ಡೂ ಸತ್ತೋದ್ವಾ ಸಾ?” ಬೋರ ಕೇಳಿದ.

“ನೋಡ್ತಾ ಇರು.”

ಎರಡೂ ಆ ಕಡೆ ಈ ಕಡೆ ಎದ್ದು ಹೊರಟವು. ನನ್ನದು ಬೋರನ ಕೈಗೆ ಹೋಯಿತು, ಅವನದು ನನ್ನ ಕೈಗೆ ಬಂತು. “ಅಷ್ಟು ಹೊಡೆದಾಡಿದ್ರೂ ಒಂದು ಗೀರೂ ಆಗಿಲ್ಲ ನೋಡ್ರೋ,” ಅಂದರು ಮೇಷ್ಟ್ರು. ಬೆಲ್ಲು ಹೊಡೆಯಿತು. “ಮಿಕ್ಕಿದ್ದು ನಾಳೆ.”

ಆ ನಾಳೆಗೆ ನಾನು ಇರಲಿಲ್ಲ. ಅವತ್ತು ಸಂಜೆ ನಮ್ಮಪ್ಪ ಹುಣಸೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಮನೆಯಲ್ಲಿ ಕುರಿ ಮಂದೆ ಇತ್ತು. ಮಂದೆ ಹಿಂದೆ ಹೋಗಲು ನಾನೊಬ್ಬನೇ ಇದ್ದೆ. ಯಾರೂ ಸ್ಕೂಲು ಬಿಡು ಅನ್ನಲಿಲ್ಲ. ನಾನೇ ಬಿಟ್ಟೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಓದು ಬಿಟ್ಟವರನ್ನು ಕಂಡರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ನನಗೆ ಆ ಪಾಪ ಬೇಡ.

ಕುರಿ ಕಾಯುವವನಿಗೆ ಪುರುಸೊತ್ತು ಬೇಕಾದಷ್ಟು. ಕೆರೆ ಏರಿ ಮೇಲೆ ಕೂತು ಎರಡೂ ಕೈಯಲ್ಲಿ ಒಂದೊಂದು ಕಲ್ಲು ಎಸೆಯುತ್ತಿದ್ದೆ. ಎರಡು ಕಡೆ ಬಳೆಗಳೆದ್ದು, ಹರಡಿ, ಒಂದರೊಳಗೊಂದು ಹೊಕ್ಕು, ಆಚೆ ಕಡೆ ದುಂಡಗೇ ಹೊರಟುಬಿಡುತ್ತಿದ್ದವು. ನಡುವೆ ತೇಲುವ ಆಲದೆಲೆ ಎದ್ದು ಕೂತು ಎದ್ದು ಕೂತು ಇದ್ದಲ್ಲೇ ಇರುತ್ತಿತ್ತು. ನಾನು ಎದ್ದು ನಿಂತು ಮೇಷ್ಟ್ರ ದನಿಯಲ್ಲಿ ಕುರಿಗಳಿಗೆ ಪಾಠ ಮಾಡುತ್ತಿದ್ದೆ: “ಹೋಗೋದು ಅಲೆ, ನೀರು ಎಲ್ಲಿಗೂ ಹೋಗಲ್ಲ!” ಸತ್ಯವಾಗಿ ಹೇಳುತ್ತೇನೆ, ಬೋರೇಗೌಡನಿಗಿಂತ ಅವೇ ಗಮನವಿಟ್ಟು ಕೇಳುತ್ತಿದ್ದವು. ಸಾವನದುರ್ಗದ ಕಡೆ ಮಂದೆ ಹೊಡೆದ ದಿನ ಬಂಡೆಗೆ ಮುಖ ಮಾಡಿ “ಲೇ ಬೋರಾ!” ಅಂತ ಕೂಗುವುದು. ಬಂಡೆ ಒಂದು ಗಳಿಗೆ ಯೋಚನೆ ಮಾಡಿ ನನ್ನನ್ನೇ “ಬೋರಾ” ಅನ್ನುವುದು.

ಅಪ್ಪ ಕೋಲೂರಿಕೊಂಡು ಮಂದೆ ಹಿಂದೆ ಹೋಗುವಂತಾದ ಮೇಲೆ ನಾನು ಮಾಗಡಿಯ ಒಂದು ಮೈಕ್ ಸೆಟ್ ಅಂಗಡಿ ಸೇರಿದೆ. ಬಸ್ಸಿನ ಟಾಪಿಗೆ ಮೈಕಿನ ಹಾರ್ನ್ ಏರಿಸುವುದು, ಊರು ಬಂದರೆ ಇಳಿಸುವುದು, ತೆಂಗಿನ ಮರ ಹತ್ತಿ ಕಟ್ಟುವುದು. ಕೆಲವು ವರ್ಷಕ್ಕೆ ಸ್ವಂತ ಸೆಟ್ಟು ಮಾಡಿಕೊಂಡೆ. ಮಾಗಡಿಯಿಂದ ಕನಕಪುರದವರೆಗೆ ‘ಮೈಕ್ ಚಿಕ್ಕಣ್ಣ’ ಅಂದರೆ ಸಾಕಿತ್ತು. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಹೋದರೆ ನಾನೇ ಕೂಗುವವನು.

ನಮ್ಮ ಕಡೆ ಬೀಗರೂಟಕ್ಕೆ ಒಂದು ಪದ್ಧತಿ ಇತ್ತು. ಹೋದ ತಕ್ಷಣ ಮನೆ ಯಜಮಾನ ಹೇಳುವ ಮೊದಲ ಮಾತು, “ಒಂದು ಹಾರ್ನು ಬೀಗರೂರ ಕಡೀಕೆ ತಿರುಗ್ಸಪ್ಪ.” ಬಾಡಿನ ಗಮಲಿಗಿಂತ ಮೊದಲು ಹಾಡು ಅಲ್ಲಿಗೆ ಮುಟ್ಟಬೇಕು. ಹಾಡು ಕೇಳಿಸಿತೆಂದರೆ ಅವರು ಎತ್ತಿನ ಗಾಡಿ ಕಟ್ಟಬೇಕು. ಆ ಹಾರ್ನಿನ ದಿಕ್ಕಿನಿಂದ ಎಷ್ಟು ಮನೆ ಮುನಿಸಾಗಿದೆ ಅಂತೀರಿ! ಒಂದು ಕಡೆ ಯಜಮಾನನ ಸೋದರಮಾವ ಮೂರು ವರ್ಷ ಆ ಮನೆ ಮೆಟ್ಟಿಲು ತುಳಿಯಲಿಲ್ಲ. ಕಾರಣ ಕೇಳಿದರೆ, “ನಮ್ಮೂರ್ಗೆ ಮೈಕಿನ ಅಂಡು ತೋರ್ಸವ್ರೆ ಕಣ್ಲಾ!”

ಕೆಂಗಲ್ ಹತ್ತಿರದ ಒಂದು ಹಳ್ಳಿಯಲ್ಲಿ ಭಜನೆ. ಜಾಗ ಸಣ್ಣದು, ಎರಡು ಹಾರ್ನನ್ನು ಎದುರುಬದುರು ಕಟ್ಟಿದ್ದೆ. ಹಾರ್ಮೋನಿಯಂನವರು ಶ್ರುತಿ ಹಿಡಿದು ಒಂದೇ ಸ್ವರ ಎಳೆಯುತ್ತಾ ಕೂತಿದ್ದರು. ನಡುವೆ ಕೂತಿದ್ದ ಒಬ್ಬ ಅಜ್ಜಿ ಎದ್ದು ನನ್ನನ್ನು ಹಿಡಿದುಕೊಂಡಳು.

“ಏನಪ್ಪಾ ಮೈಕಿನವ್ನೆ, ಊರಿಗೆಲ್ಲಾ ಕೇಳುಸ್ತದೆ, ನನ್ನೊಬ್ಬಳಿಗೆ ಕೇಳುಸ್ದಂಗೆ ಮಾಡಿದ್ದೀಯಲ್ಲ. ನಾನೇನ್ ಪಾಪ ಮಾಡಿದ್ದೆ?”

ಅವಳು ಕೂತಿದ್ದಲ್ಲಿ ಹೋಗಿ ತಲೆ ಇಟ್ಟೆ. ಸ್ವರ ಅರ್ಧಕ್ಕರ್ಧ ಸತ್ತಿತ್ತು! ಒಂದು ಹೆಜ್ಜೆ ಆಚೆ ಇಟ್ಟರೆ ಜೋರು, ಇನ್ನೊಂದು ಇಟ್ಟರೆ ಮತ್ತೆ ಸಪ್ಪೆ. ಥಟ್ಟನೆ ನನಗೆ ನನ್ನ ಮತ್ತು ಬೋರನ ಹಗ್ಗ ಕಣ್ಣಿಗೆ ಬಂತು. ಒಂದು ಹಾರ್ನಿನ ಗೂನು, ಇನ್ನೊಂದು ಹಾರ್ನಿನ ತಗ್ಗು, ಸರಿಯಾಗಿ ಈ ಅಜ್ಜಿಯ ಕಿವಿಯಲ್ಲೇ ಭೇಟಿಯಾಗುತ್ತಿವೆ. “ಅಜ್ಜಿ, ಒಸಿ ಈ ಕಡೀಕೆ ಜರುಗಿ ಕೂತ್ಕೊ,” ಅಂದೆ. ಜರುಗಿದಳು. “ಅಯ್ಯೋ ಸಿವ್ನೆ, ಬಂತಲ್ಲೋ!” ಅಂದಳು. ಅವಳನ್ನು ನೋಡಿ ಕೂತವರೆಲ್ಲ ಒಂದು ಸಲ ಜರುಗಿ ನೋಡಿದರು. ಭಜನೆ ಪಂಕ್ತಿ ಪೂರ್ತಿ ಹಾವಿನ ಹಾಗೆ ಹೊರಳಿತು. ಅವತ್ತು ನನಗಾದ ಸಂತೋಷ, ನಾನು ಮಿಕ್ಕ ಪಾಠದ ಒಂದು ತುಂಡನ್ನಾದರೂ ಮೇಷ್ಟ್ರಿಲ್ಲದೆ ಕಲಿತೆ ಅನ್ನುವ ಸಂತೋಷ, ಆಮೇಲೆ ಯಾವತ್ತೂ ಆಗಲಿಲ್ಲ. ಈಗ ನಾನೇ ಆ ಅಜ್ಜಿಯ ಜಾಗದಲ್ಲಿ ಕೂತಿದ್ದೇನೆ. ಎಷ್ಟು ಜರುಗಿದರೂ ಬರುವುದಿಲ್ಲ.

ಕಿವಿ ಒಂದೇ ದಿನ ಹೋಗಲಿಲ್ಲ. ಹಾರ್ನಿನ ಬುಡದಲ್ಲಿ, ಆಮೇಲೆ ದೊಡ್ಡ ದೊಡ್ಡ ಸ್ಪೀಕರ್ ಬಾಕ್ಸುಗಳ ಪಕ್ಕದಲ್ಲಿ, ಜನ್ಮವೆಲ್ಲ ನಿಂತವನು. ಮೊದಲು ಗುಬ್ಬಿಗಳು ಹೋದವು. ಊರಲ್ಲಿ ಗುಬ್ಬಿಯೇ ಇಲ್ಲವಾಯಿತು ಅಂತ ಪೇಪರಿನಲ್ಲಿ ಬರುತ್ತಿತ್ತು, ನಾನೂ ಹೌದು ಅಂದುಕೊಂಡೆ. ಆಮೇಲೆ ಕುಕ್ಕರಿನ ವಿಷಲ್ ಹೋಯಿತು. ಗೌರಮ್ಮನ ಬಳೆ ಸದ್ದು ಹೋಯಿತು. ಕನಕಪುರಕ್ಕೆ ಕೊಟ್ಟ ಮಗಳು ಫೋನು ಮಾಡಿದರೆ ಗಾಳಿ ಮಾತಾಡಿದ ಹಾಗೆ ಆಯಿತು. ಉಳಿದದ್ದು ದಪ್ಪ ಸದ್ದುಗಳು: ತಮಟೆ, ಲಾರಿ, ಹಿಟ್ಟಿನ ಗಿರಣಿ. ದಪ್ಪ ಅಲೆಗಳ ಗುಣವೇ ಅದು. ಸ್ಕೂಲಿನ ಗೋಡೆ ಹಿಂದೆ ನಿಂತರೂ ತಮಟೆ ಗೋಡೆ ಬಳಸಿಕೊಂಡು ಬರುತ್ತದೆ. ಹಾಡುವವಳ ದನಿ ಗೋಡೆಯಾಚೆಯೇ ನಿಲ್ಲುತ್ತದೆ. ನನ್ನ ಹೆಂಡತಿ ಮಗಳ ದನಿ ಸಣ್ಣವು.

ಯಾರಿಗೂ ಹೇಳಲಿಲ್ಲ. ಮೈಕಿನವನಿಗೆ ಕಿವುಡು ಅಂದರೆ ಯಾರು ಕರೆಯುತ್ತಾರೆ? ತುಟಿ ನೋಡಿಕೊಂಡು, ಮೀಟರಿನ ಮುಳ್ಳು ನೋಡಿಕೊಂಡು, ನಕ್ಕವರ ಜೊತೆ ನಕ್ಕು ನಡೆಸುತ್ತಿದ್ದೆ. ಅದು ಮುಗಿದದ್ದು ಬೋರೇಗೌಡನ ಮಗನ ಬೀಗರೂಟದಲ್ಲಿ.

ಗುಡೇಮಾರನಹಳ್ಳಿ, ಅವನ ಮನೆ ಮುಂದೆಯೇ ಶಾಮಿಯಾನ, ಮಧ್ಯಾಹ್ನದ ಮೊದಲನೇ ಪಂಕ್ತಿ. ಅವನ ಭಾವಮೈದ ಮೈಕು ಹಿಡಿದು ಬೀಗರನ್ನು ಸ್ವಾಗತ ಮಾಡಲು ನಿಂತ. ನಿಂತದ್ದು ಬಾಕ್ಸಿನ ಎದುರಿಗೇ. ಬಾಕ್ಸಿನ ಸದ್ದು ಮೈಕಿನ ಬಾಯಿಗೆ ಹೋಗಿ, ದೊಡ್ಡದಾಗಿ ಬಾಕ್ಸಿನಿಂದ ಬಂದು, ಮತ್ತೆ ಮೈಕಿಗೆ ಹೋಗಿ, ಸುತ್ತು ಸುತ್ತಿ ಕುಯ್ಯೋ ಅಂತ ಅರಚುತ್ತದೆ. ಮೈಕಿನವನು ಮೊದಲು ಕಲಿಯುವುದೇ ಆ ಅರಚಾಟ ಶುರುವಾಗುವ ಮೊದಲು ಗುಂಡಿ ಇಳಿಸುವುದನ್ನು. ನನಗೆ ಏನೂ ಕೇಳಿಸಲಿಲ್ಲ. ಅವನ ತುಟಿ ಆಡುವುದು ಕಾಣುತ್ತಿದೆ, ಮಾತು ಬರುತ್ತಿಲ್ಲ. ಸೌಂಡು ಕಮ್ಮಿ ಆಯಿತು ಅಂದುಕೊಂಡು ಗುಂಡಿ ಏರಿಸಿದೆ. ಜನ ಕಿವಿ ಮುಚ್ಚಿಕೊಂಡರು. ಬಾಡಿನ ಖಾರ ನೆತ್ತಿಗೇರಿತೇನೋ ಅಂದುಕೊಂಡು ಇನ್ನೊಂದಿಷ್ಟು ಏರಿಸಿದೆ. ಒಂದು ಮಗು ಬಾಯಿ ತೆರೆದು ಅಳುತ್ತಿತ್ತು. ಬಡಿಸುವವನ ಕೈಯಿಂದ ಸಾರಿನ ಬಕೆಟ್ಟು ಬಿತ್ತು. ನಾನು ಎದೆ ಮೇಲೆ ಕೈ ಕಟ್ಟಿಕೊಂಡು, ಎಂದಿನ ಹಾಗೆ, ಸೆಟ್ಟಿನ ಪಕ್ಕ ಠೀವಿಯಿಂದ ನಿಂತಿದ್ದೆ.

ಬೋರೇಗೌಡ ಓಡಿ ಬಂದು ವೈರು ಕಿತ್ತ. ಮುಖಕ್ಕೆ ಮುಖ ಕೊಟ್ಟು ಕೂಗಿದ: “ಏನ್ಲಾ ಚಿಕ್ಕ, ಜನುದ್ ಕಿವಿ ಕಿತ್ತಾಕ್ಬುಟ್ಯಲ್ಲಾ! ನಿಂಗೆ ಕೇಳುಸ್ನಿಲ್ವೇನ್ಲಾ?”

“ಕೇಳುಸ್ತು ಕಣ್ಲಾ. ವೈರು ಒಸಿ ಲೂಸಾಗಿತ್ತು.”

ಅವನು ನನ್ನನ್ನೇ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹೆಗಲ ಮೇಲೆ ಕೈ ಹಾಕಿ ಪಂಕ್ತಿಯಲ್ಲಿ ಕೂರಿಸಿ, ತಾನೇ ಸೌಟು ಹಿಡಿದು ನನ್ನ ಎಲೆಗೆ ನಲ್ಲಿ ಮೂಳೆ ಆರಿಸಿ ಆರಿಸಿ ಬಡಿಸಿದ. ಮೂವತ್ತು ವರ್ಷ ನಾನು ಬೀಗರೂಟಗಳಲ್ಲಿ ಕೊನೇ ಪಂಕ್ತಿಯಲ್ಲಿ ಕೂತು ಮಿಕ್ಕದ್ದು ತಿಂದವನು, ಹೆಮ್ಮೆಯಿಂದ ತಿಂದವನು. ಅವತ್ತಿನ ನಲ್ಲಿ ಮೂಳೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಆ ದಿನದಿಂದ ಯಾರೂ ಕರೆದಿಲ್ಲ.

ಗೌರಮ್ಮ ರಾಮನಗರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಆಚೆ ಕೂತ ಹುಡುಗಿಯ ಕೈ ನೋಡಿಕೊಂಡು ಸರಿಯಾಗಿ ಒತ್ತುತ್ತಾ ಹೋದೆ. ಪಾಸಾದೆ ಅಂದುಕೊಂಡೆ. ಹುಡುಗಿ ಗೂಡಿನ ಬಾಗಿಲು ತೆಗೆದು ಹತ್ತಿರ ಬಂದು, “ಅಂಕಲ್, ಈಗ ನಾನು ಸೌಂಡೇ ಕೊಡ್ಲಿಲ್ಲ,” ಅಂದಳು. ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. ಕಿವಿಯ ಒಳಗೆ ಸಣ್ಣ ಸಣ್ಣ ಕೂದಲ ಹಾಗೆ ಇರುತ್ತವಂತೆ. ಅಲೆ ಬಂದರೆ ಬಾಗುತ್ತವೆ, ಎದ್ದು ನಿಲ್ಲುತ್ತವೆ. ಗಾಳಿಗೆ ರಾಗಿ ಹೊಲ ಆಡಿದ ಹಾಗೆ. ಜೋರು ಸದ್ದು ವರ್ಷಗಟ್ಟಲೆ ಬಡಿದು ನನ್ನವು ಮಲಗಿಬಿಟ್ಟಿವೆಯಂತೆ.

“ಮಲ್ಗಿರೋ ಪೈರು ಮತ್ತೆ ಏಳಲ್ವಾ ಸಾರ್?”

“ಇದು ಏಳಲ್ಲ.”

ಆಮೇಲೆ ಕಿವಿ ಯಂತ್ರ ಬಂತು. ಹಾಕಿಕೊಂಡ ಮೊದಲ ದಿನ ಬಸ್ಸು, ಫ್ಯಾನು, ಪಾತ್ರೆ, ನನ್ನದೇ ಅಗಿತ, ಎಲ್ಲ ಒಂದೇ ಸಲ ನುಗ್ಗಿತು, ಗೌರಮ್ಮನ ಮಾತು ಒಂದು ಬಿಟ್ಟು. ಸಂಜೆ ಅವಳು ಕಿವಿ ಮುಚ್ಚಿಕೊಂಡು ಎದುರಿಗೆ ಬಂದು ನಿಂತಳು.

“ಯೋ, ಅದನ್ನ ತೆಗಿ. ನಿನ್ ಕಿವಿ ಕುಯ್ಯೋ ಅಂತೈತೆ!”

ಯಂತ್ರವೂ ಒಂದು ಮೈಕ್ ಸೆಟ್ಟೇ ತಾನೇ. ಒಂದು ಕಡೆ ಮೈಕು, ಒಂದು ಕಡೆ ಬಾಕ್ಸು. ಸಡಿಲವಾಗಿ ಕೂತರೆ ಅದೂ ಅರಚುತ್ತದೆ. ನನ್ನ ಕಿವಿಯಲ್ಲಿ ಅರಚುವುದು ನನಗೊಬ್ಬನಿಗೆ ಬಿಟ್ಟು ಮನೆಗೆಲ್ಲ ಕೇಳಿಸುತ್ತಿತ್ತು. ಬೋರೇಗೌಡನ ಶಾಮಿಯಾನವನ್ನು ತಲೆಯಲ್ಲಿ ಹೊತ್ತುಕೊಂಡು ಓಡಾಡುವುದು ಬೇಡವೆಂದು ತೆಗೆದು ಡಬ್ಬಿಗೆ ಹಾಕಿದೆ. ಎರಡು ಸಲ ಹೋಗಿ ಸರಿಮಾಡಿಸಿಕೊಂಡು ಬಂದೆ. ಅರಚುವುದು ನಿಂತಿತು. ಮಾತು ಮಾತ್ರ ಬರಲಿಲ್ಲ. ಯಂತ್ರ ಮತ್ತೆ ಡಬ್ಬಿ ಸೇರಿತು.

ಅದಾದ ಮೇಲೆಯೇ ಈ ಹಗ್ಗ. “ಕೂಗಿ ಕೂಗಿ ನನ್ ಗಂಟ್ಲು ಬಿದ್ದೋಯ್ತು. ಇನ್ಮೇಲೆ ಕೂಗಲ್ಲ, ಎಳೀತೀನಿ. ಬತ್ತೀಯ,” ಅಂದು ಅವಳೇ ಕಟ್ಟಿದಳು. ಮೊದಮೊದಲು ನನಗೆ ಹೆಮ್ಮೆಯೇ ಆಯಿತು. ಅವಳು ಅಲ್ಲಿ ಒದರುತ್ತಾಳೆ, ಗೂನು ನುಗ್ಗೆ ಮರದ ಕೆಳಗೆ ಹಾದು ನನ್ನ ಮಂಚಕ್ಕೆ ಬರುತ್ತದೆ. ಮೇಷ್ಟ್ರು ಇದ್ದಿದ್ದರೆ ಕರೆದು ತೋರಿಸಬಹುದಿತ್ತು.

ಆದರೆ ಒಂದು ವಿಷಯ ನಾನು ನಿಧಾನವಾಗಿ ಕಂಡುಕೊಂಡೆ. ಗೌರಮ್ಮ ಮಾತಿನ ಹೆಂಗಸು. ರಾಗಿ ಕೇರುವಾಗ, ಸೊಪ್ಪು ಬಿಡಿಸುವಾಗ, ಯಾರ ಮನೆ ಹಸು ಈದದ್ದು, ಯಾರ ಸೊಸೆ ತವರಿಗೆ ಹೋದದ್ದು, ತನ್ನ ಚಿಕ್ಕಂದಿನ ಬಾವಿ, ತನ್ನವ್ವನ ಸೀರೆ, ಒಂದಕ್ಕೊಂದು ಸಂಬಂಧವಿಲ್ಲದೆ ಹೇಳುತ್ತಾ ಹೋಗುವವಳು. ನಾನು ಸಂಸಾರ ಮಾಡಿದ್ದೇ ಆ ಸದ್ದಿನ ಒಳಗೆ. ಆಗ ಅದಕ್ಕೆ ಗಮನ ಕೊಟ್ಟವನೂ ಅಲ್ಲ. ಈಗ ಅವಳ ಮಾತು ನನ್ನ ತನಕ ಬಂದು, ಮೇಷ್ಟ್ರ ಕಿಟಕಿಗೆ ಬಡಿದ ಗೂನಿನ ಹಾಗೆ, ತಲೆಕೆಳಗಾಗಿ ಅವಳಿಗೇ ವಾಪಸ್ಸು ಹೋಗುತ್ತದೆ. ಎಷ್ಟು ದಿನ ಒದರುತ್ತಾಳೆ ಪಾಪ? ಕಡಿಮೆ ಮಾಡಿದಳು. ಈಗ ಅವಳು ಬೇಕಾದ್ದನ್ನಷ್ಟೇ ಹೇಳುತ್ತಾಳೆ, ಬೇಡದ್ದನ್ನು ಹೇಳುವುದಿಲ್ಲ. ಆ ಬೇಡದ್ದರಲ್ಲೇ ಅವಳು ಇದ್ದಳು ಅಂತ ನನಗೆ ತಡವಾಗಿ ತಿಳಿಯಿತು.

ಮೇಷ್ಟ್ರು ಹೇಳಿದ್ದು ಒಂದು ಮಾತ್ರ ನಾನು ಒಪ್ಪುವುದಿಲ್ಲ. ಎರಡು ಗೂನು ಸೇರಿ ಸಪಾಟಾದಾಗ ನೋಡ್ತಾ ಇರು ಅಂದರು. ಹಗ್ಗದಲ್ಲಿ ಆಚೆ ಎದ್ದು ಬಂದವು. ನಮ್ಮ ಅಡುಗೆಮನೆಯಲ್ಲಿ ನಾನು ನೋಡುತ್ತಲೇ ಇದ್ದೇನೆ. ಸಪಾಟಾಗಿಯೇ ಇದೆ.

ಈಗ ಬೆಳಿಗ್ಗೆಯ ವಿಷಯ. ಕಾಗೆಯ ತಮಾಷೆ ಮಾಡಿ ನಕ್ಕಳು ಅಂದೆನಲ್ಲ. ಬಹಳ ದಿನದ ಮೇಲೆ ಹಾಗೆ ನಕ್ಕಿದ್ದು. ನಗು ಮುಗಿಸಿ ಒಲೆ ಕಡೆ ತಿರುಗಿ, ಎಸರಿಗೆ ಹಿಟ್ಟು ಹಾಕಿ ಕೋಲಿನಿಂದ ತಿರುವುತ್ತಾ, ಮಾತಾಡತೊಡಗಿದಳು. ಮುಖ ನನಗೆ ಕಾಣುತ್ತಿರಲಿಲ್ಲ. ಬೆನ್ನು ಕಾಣುತ್ತಿತ್ತು, ತಲೆ ಆಡುವುದು ಕಾಣುತ್ತಿತ್ತು. ಉದ್ದನೆಯ ಮಾತು. ನಡುವೆ ಒಂದು ಸಲ ಕೋಲು ನಿಂತಿತು, ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ತಿರುಗಿತು. ನಾನು ಹಿಂದೆ ನಿಂತು, ಅಭ್ಯಾಸ ನೋಡಿ, “ಹೂಂ, ಹೂಂ” ಅನ್ನುತ್ತಿದ್ದೆ.

ಅವಳು ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ಹೊಗೆ ಇರಲಿಲ್ಲ, ನಮ್ಮದು ಗ್ಯಾಸು. ತುಟಿ ಬಿಡಿಸಿ ಬಿಡಿಸಿ ಕೇಳಿದಳು, “ಏನಂದೆ ಹೇಳು ನೋಡಾನ?”

ಎಲ್ಲ ದೇವರನ್ನೂ ನೆನೆಸಿಕೊಂಡು ಒಂದು ಎಸೆದೆ: “ಮಗಳು ಬತ್ತಾಳೆ ಅಂದಲ್ವಾ?”

ಅವಳು ಇಲ್ಲ ಅಂತ ತಲೆ ಆಡಿಸಿದಳು.

“ಇನ್ನೊಂದ್ಸಲ ಹೇಳು ಗೌರಿ. ಕಿವಿ ತಾವ ಬಂದು ಹೇಳು. ಕೂಗು.”

ಹತ್ತಿರ ಬಂದಳು. ಕಿವಿಗೆ ಬಾಯಿಟ್ಟಳು. ಅವಳ ಉಸಿರು ಬಿಸಿಯಾಗಿ ತಾಗಿತು. ಕಾದೆ. ಏನೂ ಬರಲಿಲ್ಲ. ಆಮೇಲೆ ಕೂಗಿದಳು, ಇಷ್ಟನ್ನೇ: “ಬುಡು. ಅದು ಕೂಗಿ ಹೇಳೋ ಮಾತಲ್ಲ.”

ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು. ಊಟ ಮಾಡಿ ಶೆಡ್ಡಿಗೆ ಬಂದೆ. ಕಾಗೆ ಹಾರಿ ಹೋಗಿತ್ತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹಾರ್ನ್ ನಾಲ್ಕು. ಬಾಕ್ಸು ಎರಡು. ಆಂಪ್ಲಿಫೈಯರ್ ಎರಡು, ಒಂದು ಕೆಟ್ಟಿದೆ. ಮೈಕು ಮೂರು. ಕಿವಿ ಯಂತ್ರ ಒಂದು, ಡಬ್ಬಿಯಲ್ಲಿ. ಹಗ್ಗ ಒಂದು. ಅದಕ್ಕೆ ಬರುವುದು ಎರಡು ಮಾತು.